ಸೆಸ್ವೆನ್ನಾ ಸುತ್ತು: ಮೌಂಟನ್ ಬೈಕ್‌ನಲ್ಲಿ ಶ್ಕುವೋಲ್‌ನಿಂದ ಹೊರಟು ಉಯಿನಾ ಕಮರಿ ದಾಟಿ ಬರುವುದು ಹೇಗೆ?

ಸ್ವಿಟ್ಜರ್ಲೆಂಡಿನ ಪೂರ್ವದ ತುದಿಯಲ್ಲಿ, ಇನ್ ನದಿಯ ದಂಡೆಯ ಮೇಲೆ ಶ್ಕುವೋಲ್ ಎಂಬ ಊರಿದೆ. ಆ ಕಣಿವೆಯ ಹೆಸರು ಕೆಳ ಎಂಗಡಿನ್. ಶ್ಕುವೋಲ್‌ನಿಂದ ದಕ್ಷಿಣಕ್ಕೆ ಏರಿ, ಸೆಸ್ವೆನ್ನಾ ಪರ್ವತಗಳನ್ನು ಪೂರ್ತಿ ಬಳಸಿ, ನಡುವೆ ಇಟಲಿಗೆ ಇಳಿದು, ಮತ್ತೆ ಗಡಿ ದಾಟಿ ಅದೇ ಊರಿಗೆ ಬರುವ ದಾರಿ ಇದು. ಯಾವ ಕವಲು ಹಿಡಿಯುತ್ತೀರಿ ಅನ್ನುವುದರ ಮೇಲೆ ದೂರ 80ರಿಂದ 90 ಕಿ.ಮೀ. ಆಗುತ್ತದೆ. ಏರು ಎಲ್ಲ ಸೇರಿ 2,500 ಮೀಟರ್‌ಗೂ ಜಾಸ್ತಿ.

ಈ ಅಂಕಿಗಳನ್ನು ನೋಡಿ ಇದು ಬರೀ ಕಾಲಿನ ಬಲದ ವಿಷಯ ಅಂದುಕೊಳ್ಳಬೇಡಿ. ಮೊದಲ ಅರ್ಧ ಸಲೀಸಾಗಿದೆ, ಚೆಂದವಾಗಿದೆ. ಉತ್ಸಾಹದಲ್ಲಿ ಶಕ್ತಿಯೆಲ್ಲ ಅಲ್ಲೇ ಖರ್ಚಾಗಿಬಿಡುತ್ತದೆ. ಆಮೇಲೆ ಶುರುವಾಗುತ್ತದೆ ನಿಜವಾದ ಕೆಲಸ. ಒಂದೇ ಸಮನೆ 1,300 ಮೀಟರ್ ಏರು. ಅದರ ಮೇಲೆ ನೆರಳೇ ಇಲ್ಲದ ಬಯಲು. ಅದರಾಚೆ ಸೈಕಲ್ ತಳ್ಳಿಕೊಂಡೇ ಹೋಗಬೇಕಾದ ಕಮರಿ. ಕೊನೆಗೆ ಕಲ್ಲು ಜಾರುವ ಕಡಿದಾದ ಇಳಿಜಾರು. ಅಲ್ಲಿಗೆ ತಲುಪುವಾಗ ಕಾಲಲ್ಲಿ ಕಸುವು, ಕೈಯಲ್ಲಿ ಹೊತ್ತು, ತಲೆಯಲ್ಲಿ ಗಮನ ಮೂರೂ ಉಳಿದಿರಬೇಕು. ಮುಂದೆ ಹೇಳುವುದನ್ನೆಲ್ಲ ಈ ಒಂದು ಮಾತನ್ನು ಇಟ್ಟುಕೊಂಡೇ ಓದಿ.

ಮೊದಲು ತೀರ್ಮಾನಿಸಬೇಕಾದ್ದು: ಒಂದು ದಿನವೋ, ಎರಡು ದಿನವೋ

ಚೆನ್ನಾಗಿ ಪಳಗಿದವರು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ನನ್ನ ಸಲಹೆ ಎರಡು ದಿನ. ಮೊದಲ ದಿನ ಶ್ಕುವೋಲ್‌ನಿಂದ ಮ್ಯೂಶ್ಟಾಯಿರ್ ಕಣಿವೆಗೆ ಬಂದು ಮಲಗಿ. ಎರಡನೇ ದಿನ ಬೆಳಗ್ಗೆ ಬೇಗ ಎದ್ದು ದೊಡ್ಡ ಏರು ಹತ್ತಿ. ಹೀಗೆ ಮಾಡಿದರೆ ಸುಸ್ತಿಲ್ಲದ ಕಾಲಲ್ಲಿ, ಮಧ್ಯಾಹ್ನದ ಗುಡುಗು ಮಳೆಗೆ ಮೊದಲು ಕಮರಿ ದಾಟಬಹುದು.

ಒಂದೇ ದಿನದಲ್ಲಿ ಮುಗಿಸಬೇಕು ಅನ್ನುವವರು ಒಂದು ಲೆಕ್ಕ ಮಾಡಿ ನೋಡಿ. ನಿಮ್ಮೂರಿನ ಬೆಟ್ಟದಲ್ಲಿ ಗಂಟೆಗೆ ಎಷ್ಟು ಮೀಟರ್ ಏರುತ್ತೀರಿ? ಚೀಲ ಹೊತ್ತು ಗಂಟೆಗೆ 400 ಮೀಟರ್ ಅಂದರೆ ಒಳ್ಳೆಯ ವೇಗವೇ. ಆ ವೇಗದಲ್ಲೂ ಬರೀ ಏರಿಗೇ 6 ಗಂಟೆ ದಾಟುತ್ತದೆ. ಇಳಿಯುವುದು, ತಳ್ಳುವುದು, ತಿನ್ನುವುದು, ಪಂಕ್ಚರ್ ಎಲ್ಲ ಸೇರಿದರೆ 11 ಗಂಟೆಗೆ ಕಡಿಮೆ ಆಗುವುದಿಲ್ಲ. ಸತತ 2,000 ಮೀಟರ್ ಏರಿ, ಮರುದಿನವೂ ಸೈಕಲ್ ಹತ್ತಬಲ್ಲೆ ಅನ್ನುವ ಭರವಸೆ ಇದ್ದರೆ ಮಾತ್ರ ಒಂದು ದಿನದ ಯೋಚನೆ ಮಾಡಿ.

ಕಾಲ: ಜುಲೈಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಳ್ಳೆಯದು. ಜೂನ್‌ನಲ್ಲಿ ಕಮರಿಯ ನೆರಳಿನ ಜಾಗಗಳಲ್ಲಿ ಹಳೆಯ ಹಿಮ ಗಟ್ಟಿಯಾಗಿ ಉಳಿದಿರಬಹುದು. ಓರೆಯಾಗಿ ಕೂತ ಹಿಮದ ಮೇಲೆ ಸೈಕಲ್ ಹಿಡಿದು ನಡೆಯುವುದು ಬಹಳ ಅಪಾಯ. ಹೊರಡುವ ಮುನ್ನ ಶ್ಕುವೋಲ್‌ನ ಪ್ರವಾಸಿ ಕಚೇರಿಯಲ್ಲೋ, ಕಮರಿಗೆ ಮುಂಚೆ ಬೆಟ್ಟದ ಮೇಲೆ ಸಿಗುವ ಸೆಸ್ವೆನ್ನಾ ತಂಗುದಾಣದಲ್ಲೋ ದಾರಿ ತೆರೆದಿದೆಯಾ ಅಂತ ಕೇಳಿಕೊಳ್ಳಿ.

ಸೈಕಲ್ ತಯಾರಿ

ಮುಂದೆ ಹಿಂದೆ 120ರಿಂದ 140 ಮಿ.ಮೀ. ಸಸ್ಪೆನ್ಷನ್ ಇರುವ ಟ್ರೈಲ್ ಬೈಕ್ ಸಾಕು. ಇಳಿಯುವುದಕ್ಕೆಂದೇ ಮಾಡಿದ ಭಾರದ ಸೈಕಲ್ ತರಬೇಡಿ. ಇಲ್ಲಿ ಏರುವ ಹೊತ್ತೇ ಜಾಸ್ತಿ.

ಗೇರ್ ವಿಷಯದಲ್ಲಿ ಜಿಪುಣತನ ಬೇಡ. ಚೈನ್ ಕೂರುವ ಮುಂದಿನ ಹಲ್ಲುಚಕ್ರಕ್ಕೆ 30 ಅಥವಾ 32 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ 50ರ ಆಸುಪಾಸು ಇರಲಿ. ಟೈರ್ 2.3 ಅಥವಾ 2.4 ಇಂಚಿನದು, ಟ್ಯೂಬ್‌ಲೆಸ್ ಆದರೆ ಒಳ್ಳೆಯದು. 75 ಕಿಲೋ ತೂಗುವವರು ಗಾಳಿ 1.6ರಿಂದ 1.8 ಬಾರ್ ಇಟ್ಟು ನೋಡಿ, ಆಮೇಲೆ ನಿಮಗೆ ಸರಿಯಾಗಿ ಹೊಂದಿಸಿಕೊಳ್ಳಿ.

ಬ್ರೇಕ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಕಮರಿ ಬಾಯಿಂದ ಸುರ್ ಎನ್ ಊರಿಗೆ ಸುಮಾರು 800 ಮೀಟರ್ ಇಳಿಯಬೇಕು. ಅಷ್ಟುದ್ದಕ್ಕೂ ಬ್ರೇಕ್ ಒತ್ತಿಯೇ ಹಿಡಿದರೆ ಡಿಸ್ಕ್ ಕಾಯುತ್ತದೆ, ಪ್ಯಾಡಿನ ಮೈ ಗಾಜಿನ ಹಾಗೆ ನುಣುಪಾಗುತ್ತದೆ, ಹಿಡಿತ ಹೋಗುತ್ತದೆ. ಅದಕ್ಕೇ ಹೊಸ ಪ್ಯಾಡ್ ಹಾಕಿಸಿ, ಮನೆ ಹತ್ತಿರವೇ ಹತ್ತಿಪ್ಪತ್ತು ಸಲ ಜೋರಾಗಿ ಒತ್ತಿ ಪಳಗಿಸಿ ಹೊರಡಿ. ಉದ್ದದ ಇಳಿಜಾರಿಗೆ ಲೋಹ ಬೆರೆತ ಪ್ಯಾಡ್ ತಡೆಯುತ್ತದೆ. ಮುಂದಿನ ಡಿಸ್ಕ್ ಕನಿಷ್ಠ 180 ಮಿ.ಮೀ. ಇರಲಿ, ಭಾರದ ಮೈಯವರಿಗೆ 200 ಬೇಕು. ಲಿವರ್ ಒತ್ತಿದಾಗ ಹ್ಯಾಂಡಲ್‌ವರೆಗೂ ಬಂದರೆ ಒಳಗೆ ಗಾಳಿ ಸೇರಿದೆ ಅಂತ ಅರ್ಥ. ಹಾಗೇ ಹೊರಡಬೇಡಿ.

ಶೂ: ಕಮರಿಯಲ್ಲಿ ಒದ್ದೆ ಬಂಡೆಯ ಮೇಲೆ ನಡೆಯಬೇಕು. ಗಟ್ಟಿ ಪ್ಲಾಸ್ಟಿಕ್ ತಳದ ರೇಸ್ ಶೂ ಅಲ್ಲಿ ಜಾರುತ್ತದೆ. ರಬ್ಬರ್ ತಳ, ಚೆನ್ನಾಗಿ ಬಾಗುವ ಶೂ ಹಾಕಿ.

ಚೀಲದಲ್ಲಿ ಇರಬೇಕಾದ್ದು: ಒಂದು ಟ್ಯೂಬ್, ಟ್ಯೂಬ್‌ಲೆಸ್ ಪ್ಲಗ್, ಪಂಪ್, ಚೈನ್ ಟೂಲ್ ಇರುವ ಮಲ್ಟಿಟೂಲ್, ಚೈನ್ ಕೊಂಡಿ, ಗೇರ್ ಹ್ಯಾಂಗರ್, ಒಂದು ಜೊತೆ ಬ್ರೇಕ್ ಪ್ಯಾಡ್. ಮಳೆ ಜಾಕೆಟ್, ತೆಳು ಸ್ವೆಟರ್, ಪೂರ್ತಿ ಬೆರಳಿನ ಗ್ಲೌಸ್ ಬೇಸಿಗೆಯಲ್ಲೂ ಬೇಕು. ಜೊತೆಗೆ ಪ್ರಥಮ ಚಿಕಿತ್ಸೆಯ ಸಾಮಾನು, ಚಳಿ ತಡೆಯುವ ತೆಳು ಹಾಳೆ, ಸೀಟಿ. ಎರಡು ದೇಶದ ದಾರಿ, ಹಾಗಾಗಿ ಪಾಸ್‌ಪೋರ್ಟ್ ಜೊತೆಗಿರಲಿ. ಸ್ವಿಸ್ ಕಡೆ ಫ್ರಾಂಕ್, ಇಟಲಿ ಕಡೆ ಯೂರೋ ಬೇಕಾಗುತ್ತದೆ. ಬೆಟ್ಟದ ಮೇಲೆ ಕಾರ್ಡ್ ನಡೆಯುತ್ತದೆ ಅಂತ ನೆಚ್ಚಿಕೊಳ್ಳದೆ ಎರಡೂ ನೋಟು ಇಟ್ಟುಕೊಳ್ಳಿ.

ನಕ್ಷೆಗೆ ಸ್ವಿಸ್‌ಟೋಪೋ ಆ್ಯಪ್ ಒಳ್ಳೆಯದು. ಹೊರಡುವ ಮುನ್ನವೇ ನಕ್ಷೆ ಫೋನಿಗೆ ಇಳಿಸಿಕೊಳ್ಳಿ. ಕಣಿವೆಯ ಒಳಗೆ ಸಿಗ್ನಲ್ ಹೋಗುತ್ತದೆ. ಗಡಿ ದಾಟಿದರೆ ರೋಮಿಂಗ್ ದುಡ್ಡೂ ಬೀಳಬಹುದು, ಏಕೆಂದರೆ ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ.

ಹಂತ 1: ಶ್ಕುವೋಲ್‌ನಿಂದ ಶ್ಚಾರ್ಲ್

ರೇಷಿಯನ್ ರೈಲಿನ ಕೊನೆಯ ನಿಲ್ದಾಣ ಶ್ಕುವೋಲ್. 1999ರಲ್ಲಿ ತೆರೆದ ವೆರೈನಾ ಸುರಂಗದಿಂದ ಜ್ಯೂರಿಕ್ ಕಡೆಯವರಿಗೆ ಇಲ್ಲಿಗೆ ಬರುವುದು ಸುಲಭವಾಗಿದೆ. ಊರಿನ ಕಾರಂಜಿಗಳಲ್ಲಿ ಒಂದು ಕೊಳವೆಯಿಂದ ಸಾದಾ ನೀರು, ಇನ್ನೊಂದರಿಂದ ಖನಿಜ ತುಂಬಿದ ಬುಗ್ಗೆ ನೀರು ಬರುವುದುಂಟು. ರುಚಿ ನೋಡಿ, ಆದರೆ ಬಾಟಲಿಗೆ ಸಾದಾ ನೀರು ತುಂಬಿ.

ಇನ್ ನದಿ ದಾಟಿ ಶ್ಚಾರ್ಲ್ ರಸ್ತೆ ಹಿಡಿಯಿರಿ. ಕ್ಲೆಮ್ಜಾ ಹೊಳೆಯ ಪಕ್ಕ ಸುಮಾರು 13 ಕಿ.ಮೀ., ಸಮುದ್ರ ಮಟ್ಟದಿಂದ 1,810 ಮೀಟರ್‌ವರೆಗೆ ಏರು. ಕಿರಿದಾದ ರಸ್ತೆ, ಬೇಸಿಗೆಯಲ್ಲಿ ಪೋಸ್ಟ್ ಬಸ್ ಓಡಾಡುತ್ತದೆ. ಬಸ್ಸಿನ ಹಾರ್ನ್ ಕೇಳಿದರೆ ತಿರುವಿನಲ್ಲಿ ಬದಿಗೆ ನಿಂತು ದಾರಿ ಬಿಡಿ.

ಬಲಗಡೆ ಸ್ವಿಸ್ ರಾಷ್ಟ್ರೀಯ ಉದ್ಯಾನ ಇದೆ. 1914ರಲ್ಲಿ ಶುರುವಾದ ಈ ಕಾಡಿನೊಳಗೆ ಸೈಕಲ್ ಪೂರ್ತಿ ನಿಷೇಧ. ಮಿಂಜೇರ್ ಕಣಿವೆಗೆ ಹೋಗುವ ಕಾಲುದಾರಿ ಎಷ್ಟೇ ಕರೆದರೂ ತಿರುಗಬೇಡಿ. ಸ್ವಿಟ್ಜರ್ಲೆಂಡಿನ ಹಳೆಯ ತಲೆಮಾರಿನ ಕೊನೆಯ ಕರಡಿಯನ್ನು 1904ರಲ್ಲಿ ಕೊಂದದ್ದು ಇಲ್ಲೇ ಸುತ್ತಮುತ್ತ. ಶ್ಚಾರ್ಲ್ ಹತ್ತಿರದ ಶ್ಮೆಲ್ಝ್ರಾ ಎಂಬ ಹಳೆಯ ಲೋಹ ಕರಗಿಸುವ ಕಟ್ಟಡದಲ್ಲಿ ಕರಡಿ ಬಗ್ಗೆಯೂ, ಇಲ್ಲಿ ಹಿಂದೆ ನಡೆದ ಬೆಳ್ಳಿ ಮತ್ತು ಸೀಸದ ಗಣಿಗಾರಿಕೆ ಬಗ್ಗೆಯೂ ಮ್ಯೂಸಿಯಂ ಇದೆ.

ಈ ಹಂತದಲ್ಲಿ ಮಾತಾಡಿಕೊಂಡು ಏರುವಷ್ಟು ಉಸಿರು ಇರಬೇಕು. ಮಾತು ತುಂಡಾಗುತ್ತಿದ್ದರೆ ಗೇರ್ ಇಳಿಸಿ.

ಹಂತ 2: ತಮಂಗುರ್ ಕಾಡು, ಕೊಶ್ಟಾಯ್ನಾಸ್ ಪಾಸ್

ಶ್ಚಾರ್ಲ್ ದಾಟಿದ ಮೇಲೆ ಜಲ್ಲಿ ದಾರಿ. ಏರು ನಿಧಾನ, ಕಣಿವೆ ಅಗಲ. ಬದಿಯ ಇಳಿಜಾರಿನಲ್ಲಿ ತಮಂಗುರ್ ಕಾಣುತ್ತದೆ. ಸುಮಾರು 2,300 ಮೀಟರ್‌ವರೆಗೆ ಹಬ್ಬಿದ ಈ ಅರೋಲಾ ಪೈನ್ ಕಾಡು ತನ್ನ ಜಾತಿಯಲ್ಲಿ ಯುರೋಪಿನಲ್ಲೇ ಅತಿ ಎತ್ತರದ ಒಂದುಗೂಡಿದ ಕಾಡು. ನೂರಾರು ವರ್ಷದ ಮರಗಳಿವೆ. ನಟ್‌ಕ್ರಾಕರ್ ಎಂಬ ಹಕ್ಕಿ ಚಳಿಗಾಲಕ್ಕೆಂದು ಬೀಜ ಹೂತಿಡುತ್ತದೆ. ಹಕ್ಕಿ ಮರೆತ ಬೀಜಗಳಿಂದಲೇ ಇಲ್ಲಿ ಹೊಸ ಗಿಡ ಹುಟ್ಟುವುದು. ಎರಡು ದಿನದ ಲೆಕ್ಕದಲ್ಲಿ ಬಂದಿದ್ದರೆ ಇಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಸುಮ್ನೆ ದಾಟಿ ಹೋಗುವ ಜಾಗ ಅಲ್ಲ ಇದು.

ದನಗಳ ಬೇಲಿಗೆ ಗೇಟ್ ಬಂದರೆ ತೆಗೆದು, ದಾಟಿ, ಮುಚ್ಚಿ. ತಂತಿಯಲ್ಲಿ ಕರೆಂಟ್ ಇರುತ್ತದೆ, ಪ್ಲಾಸ್ಟಿಕ್ ಹಿಡಿಕೆಯನ್ನೇ ಹಿಡಿಯಿರಿ. ಕರು ಜೊತೆಗಿರುವ ಹಸುವಿನ ಹತ್ತಿರ ಹೋಗಬೇಡಿ. ಸೈಕಲ್ ಇಳಿದು, ದೂರದಿಂದ ಬಳಸಿ ನಡೆಯಿರಿ. ದನ ಮೇಯುವ ಜಾಗದ ಕೆಳಗೆ ಹರಿಯುವ ತೊರೆಯ ನೀರು ಕುಡಿಯಬೇಡಿ.

ಆಸ್ಟ್ರಾಸ್ ಹುಲ್ಲುಗಾವಲು ದಾಟಿದರೆ 2,251 ಮೀಟರ್ ಎತ್ತರದ ಕೊಶ್ಟಾಯ್ನಾಸ್ ಪಾಸ್, ಅಂದರೆ ಬೆಟ್ಟ ದಾಟುವ ಜಾಗ. ಅಲ್ಲಿಂದ ಇಳಿಜಾರು ಶುರು. ಚಾಂಪಾಚ್ ಮೂಲಕ 1,920 ಮೀಟರ್‌ನಲ್ಲಿರುವ ಲ್ಯೂ ಊರು, ಆಮೇಲೆ ಸಾಂತಾ ಮರಿಯಾ, ಮ್ಯೂಶ್ಟಾಯಿರ್. ಇಳಿಯುವಾಗ ಎದುರಿಗೆ ಕಾಲ್ನಡಿಗೆಯವರು ಬರುತ್ತಾರೆ. ಅವರಿಗೇ ಮೊದಲ ಹಕ್ಕು. ಕೂಗಿ ಓಡಿಸುವುದಲ್ಲ, ನಿಂತು ದಾರಿ ಬಿಡಿ.

ಮ್ಯೂಶ್ಟಾಯಿರ್‌ನ ಸಂತ ಜಾನ್ ಮಠ 1983ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಒಳಗೆ ಸುಮಾರು ಸಾವಿರದ ಇನ್ನೂರು ವರ್ಷ ಹಳೆಯ ಗೋಡೆ ಚಿತ್ರಗಳಿವೆ. ಇಲ್ಲಿ ಉಳಿಯುವವರು ಸಂಜೆ ಮೂರು ಕೆಲಸ ಮಾಡಿ: ಮಠ ನೋಡಿ, ಬ್ರೇಕ್ ಪ್ಯಾಡ್ ನೋಡಿ, ನಾಳೆಯ ಹವಾಮಾನ ನೋಡಿ.

ಹಂತ 3: ಇಟಲಿಗೆ ಇಳಿದು ಶ್ಲಿನಿಗ್ ಏರು

ಎರಡನೇ ದಿನ ಬೆಳಗ್ಗೆ 6.30ಕ್ಕೆ ಪೆಡಲ್ ತಿರುಗುತ್ತಿರಲಿ. ಗಡಿ ದಾಟಿ ಟೌಫರ್ಸ್, ಅಲ್ಲಿಂದ ಲಾಚ್‌ವರೆಗೆ ಇಳಿಜಾರೇ. ನಡುವೆ ಬರುವ ಕಾಲ್ವೆನ್ ಎಂಬಲ್ಲಿ 1499ರಲ್ಲಿ ದೊಡ್ಡ ಯುದ್ಧ ನಡೆದಿತ್ತು. ಲಾಚ್ ಇರುವುದು 970 ಮೀಟರ್ ಎತ್ತರದಲ್ಲಿ. ಇದೇ ನಿಮ್ಮ ಸುತ್ತಿನ ಅತಿ ತಗ್ಗಿನ ಜಾಗ. ಇಲ್ಲಿ ನಿಂತು ಹೊಟ್ಟೆಗೆ ಏನಾದರೂ ಹಾಕಿಕೊಳ್ಳಿ, ಎರಡೂ ಬಾಟಲಿ ತುಂಬಿಸಿ. ಹಸಿವಾದ ಮೇಲೆ ತಿಂದರೆ ಈ ಏರಿಗೆ ತಡವಾಗಿರುತ್ತದೆ.

ಶ್ಲೈಸ್, ಬುರ್ಗೈಸ್ ದಾಟಿ ಮರಿಯನ್‌ಬರ್ಗ್ ಮಠದ ಬಿಳಿ ಗೋಡೆಗಳ ಕಡೆಗೆ ಟಾರು ರಸ್ತೆ ಏರುತ್ತದೆ. ಬೆನೆಡಿಕ್ಟೈನ್ ಮಠಗಳಲ್ಲಿ ಯುರೋಪಿಗೇ ಎತ್ತರದ್ದು ಇದು, 1,340 ಮೀಟರ್ ಆಸುಪಾಸು. ಮುಂದೆ 1,738 ಮೀಟರ್‌ನಲ್ಲಿ ಶ್ಲಿನಿಗ್ ಹಳ್ಳಿ. ಟಾರು ಅಲ್ಲಿಗೆ ಮುಗಿಯುತ್ತದೆ.

ಶ್ಲಿನಿಗ್‌ನಲ್ಲಿ ಗಡಿಯಾರ ನೋಡಿ. ಮಧ್ಯಾಹ್ನ 1 ಗಂಟೆ ದಾಟಿದ್ದರೆ, ಆಕಾಶದಲ್ಲಿ ಮೋಡ ಗೋಪುರದ ಹಾಗೆ ಎದ್ದಿದ್ದರೆ, ಜೊತೆಯಲ್ಲಿ ಒಬ್ಬರಿಗಾದರೂ ಕೈಕಾಲು ನಡುಗುತ್ತಿದ್ದರೆ, ಅವತ್ತು ಕಮರಿ ಬೇಡ. ಮೂರರಲ್ಲಿ ಒಂದಾದರೂ ಸಾಕು. ಮೇಲಿನ ಸೆಸ್ವೆನ್ನಾ ತಂಗುದಾಣದಲ್ಲಿ ಜಾಗ ಇದ್ದರೆ ಅಲ್ಲಿ ಉಳಿಯಿರಿ, ಇಲ್ಲದಿದ್ದರೆ ಕೆಳಗಿಳಿಯಿರಿ. ಈ ತೀರ್ಮಾನ ಶ್ಲಿನಿಗ್‌ನಲ್ಲೇ ಆಗಬೇಕು. ಮೇಲೆ ಹೋದ ಮೇಲೆ ಇಷ್ಟು ದೂರ ಬಂದಾಯಿತಲ್ಲ ಅನ್ನುವ ಆಸೆ ಗೆಲ್ಲುತ್ತದೆ.

ಹಳ್ಳಿಯಿಂದ ಹುಲ್ಲುಗಾವಲಿನ ನಡುವೆ ಜಲ್ಲಿ ದಾರಿ ಆರಾಮವಾಗಿ ಶುರುವಾಗುತ್ತದೆ. ಕಣಿವೆಯ ತುದಿಯಲ್ಲಿ ಬಂಡೆ ಗೋಡೆ, ಪಕ್ಕದಲ್ಲಿ ಜಲಪಾತ. ಅಲ್ಲಿ ದಾರಿ ಇದ್ದಕ್ಕಿದ್ದಂತೆ ನೆಟ್ಟಗಾಗುತ್ತದೆ. ಬಹಳ ಜನ ಇಲ್ಲಿ ಇಳಿದು ತಳ್ಳುತ್ತಾರೆ. ನೀವೂ ತಳ್ಳಿ, ನಾಚಿಕೆ ಏನಿಲ್ಲ. ಹಠ ಹಿಡಿದು ತುಳಿದರೆ ಹತ್ತು ನಿಮಿಷ ಉಳಿಯಬಹುದು, ಕಾಲು ಮಾತ್ರ ಸೋತುಹೋಗುತ್ತದೆ.

ಮೇಲೆ 2,256 ಮೀಟರ್‌ನಲ್ಲಿ ಸೆಸ್ವೆನ್ನಾ ತಂಗುದಾಣ. ಉಳಿಯುವುದಾದರೆ ಮೊದಲೇ ಕಾಯ್ದಿರಿಸಿ, ಮಲಗಲು ತೆಳು ಬಟ್ಟೆಯ ಚೀಲ ತನ್ನಿ. ಬರೀ ಊಟಕ್ಕೆ ನಿಂತರೆ ಹೊಟ್ಟೆ ಬಿರಿಯ ತಿನ್ನಬೇಡಿ. ಒದ್ದೆಯಾದ ಜರ್ಸಿ ಬದಲಿಸಿ, ಮುಂದಿನ ದಾರಿ ಹೇಗಿದೆ ಅಂತ ಅಲ್ಲಿನವರನ್ನೇ ಕೇಳಿ.

ಹಂತ 4: ಉಯಿನಾ ಕಮರಿ

ತಂಗುದಾಣದಿಂದ 2,309 ಮೀಟರ್‌ನ ಶ್ಲಿನಿಗ್ ಪಾಸ್ ಹತ್ತಿರವೇ. ಮತ್ತೆ ಸ್ವಿಟ್ಜರ್ಲೆಂಡ್. ಸುರ್‌ಸಾಸ್ ಎಂಬ ಬಯಲಿನಲ್ಲಿ ಸಣ್ಣ ಕಾಲುದಾರಿ, ಅಲ್ಲಲ್ಲಿ ಜೌಗು. ಜೌಗಿನ ಬದಿಗೆ ಹೊಸ ದಾರಿ ಮಾಡಬೇಡಿ. ಇಳಿದು, ಕಲ್ಲಿನ ಮೇಲೆ ಹೆಜ್ಜೆ ಇಟ್ಟು ದಾಟಿ. ಈ ಬಯಲು ಸೈಕಲ್ ಓಡಿಸಲು ತುಂಬಾ ಖುಷಿ ಕೊಡುತ್ತದೆ. ಅದಕ್ಕೇ ಎಚ್ಚರ ಬೇಕು. ಬಯಲು ಮುಗಿಯುವಲ್ಲಿ ನೆಲ ಒಮ್ಮೆಲೇ ಬಾಯಿ ಬಿಟ್ಟಿದೆ.

ಬಂಡೆಯನ್ನು ಅರ್ಧಕ್ಕೆ ಕೊರೆದು ಮಾಡಿದ ದಾರಿ ಅಲ್ಲಿಂದ ಶುರು. ಕೆಲವು ಕಡೆ ಚಿಕ್ಕ ಸುರಂಗ, ಕೆಲವು ಕಡೆ ತಲೆ ಮೇಲೆ ಬಂಡೆಯ ಚಾಚು, ಪಕ್ಕದಲ್ಲಿ ಪ್ರಪಾತ. ಇದನ್ನು 1908ರಿಂದ 1910ರ ನಡುವೆ ಕೊರೆಸಿದ್ದು ಜರ್ಮನಿಯ ಫೋರ್ಟ್ಸ್‌ಹೈಮ್ ಊರಿನ ಪರ್ವತಾರೋಹಿಗಳ ಸಂಘ. ಅವರ ತಂಗುದಾಣ ಶ್ಲಿನಿಗ್ ಕಡೆ ಇತ್ತು. ಎಂಗಡಿನ್‌ನಿಂದ ಅಲ್ಲಿಗೆ ನೇರ ದಾರಿ ಬೇಕಿತ್ತು. ಆಗ ಗಡಿಯಾಚೆ ಇದ್ದದ್ದು ಇಟಲಿಯಲ್ಲ, ಆಸ್ಟ್ರಿಯಾ.

ಕಮರಿಯೊಳಗೆ ಸೈಕಲ್ ತಳ್ಳಿಕೊಂಡೇ ಹೋಗಬೇಕು. ಇದು ನಿಯಮ. ಓಡಿಸುವುದರಲ್ಲಿ ಎಷ್ಟೇ ಪಳಗಿದ್ದರೂ ಇದನ್ನು ಮೀರಬೇಡಿ. ಎದುರಿಗೆ ಮಕ್ಕಳನ್ನು ಕರೆದುಕೊಂಡು ಬರುವವರಿರುತ್ತಾರೆ. ಅಲ್ಲಿ ನಿಮ್ಮ ಒಂದು ತಪ್ಪು ಇನ್ನೊಬ್ಬರ ಜೀವಕ್ಕೆ ಬರುತ್ತದೆ.

ತಳ್ಳುವುದಕ್ಕೂ ಕ್ರಮ ಇದೆ. ಕಮರಿಗೆ ಮುಂಚೆಯೇ ನಿಂತು ಸೀಟು ಪೂರ್ತಿ ಇಳಿಸಿ, ಚೀಲದ ಪಟ್ಟಿಗಳನ್ನು ಬಿಗಿ ಮಾಡಿ, ನೇತಾಡುವ ಸಾಮಾನು ಒಳಗೆ ಹಾಕಿ. ಹೆಲ್ಮೆಟ್ ತೆಗೆಯಬೇಡಿ, ಮೇಲಿಂದ ಕಲ್ಲು ಬೀಳುವುದುಂಟು. ನೀವು ಬಂಡೆ ಕಡೆ ಇರಿ, ಸೈಕಲ್ ಪ್ರಪಾತದ ಕಡೆ ಇರಲಿ. ಸೈಕಲ್ ಬಂಡೆ ಕಡೆ ಇದ್ದರೆ ಹ್ಯಾಂಡಲ್ಲೋ ಪೆಡಲ್ಲೋ ಗೋಡೆಗೆ ತಾಗಿ, ನಿಮ್ಮನ್ನು ಹೊರಕ್ಕೆ ನೂಕುತ್ತದೆ. ಸೈಕಲ್ ಜಾರಿದರೆ ಕೈ ಬಿಡಿ. ಅದರ ಜೊತೆ ಎಳೆದಾಡಬೇಡಿ. ಇಳಿಯುವಾಗ ಎರಡು ಬೆರಳು ಬ್ರೇಕ್ ಮೇಲೇ ಇರಲಿ.

ಗುಂಪಾಗಿದ್ದರೆ ಇಬ್ಬರ ನಡುವೆ ಐದಾರು ಮೀಟರ್ ಜಾಗ ಬಿಡಿ. ಎದುರಿಗೆ ಯಾರಾದರೂ ಬಂದರೆ ಅಗಲ ಇರುವ ಜಾಗದಲ್ಲಿ ನಿಂತು ಅವರನ್ನು ಬಂಡೆ ಕಡೆಯಿಂದ ಕಳಿಸಿ. ಅಂಚಿಗೆ ತಂತಿ ಎಲ್ಲ ಕಡೆ ಇಲ್ಲ. ಇದ್ದ ಕಡೆಯೂ ಅದರ ಮೇಲೆ ಭಾರ ಹಾಕಬೇಡಿ. ಫೋಟೋ ಬೇಕಾದರೆ ಪೂರ್ತಿ ನಿಂತು, ಸೈಕಲ್ ಗೋಡೆಗೆ ಒರಗಿಸಿ ತೆಗೆಯಿರಿ. ಕೊರೆದ ದಾರಿ ಬಹಳ ಉದ್ದವೇನಲ್ಲ, ಆದರೂ ಅರ್ಧ ಗಂಟೆ ಇದಕ್ಕೆಂದೇ ಇಟ್ಟುಕೊಳ್ಳಿ. ಎತ್ತರ ಕಂಡರೆ ತಲೆ ತಿರುಗುವವರು ಈ ಸುತ್ತಿಗೆ ಬರಬೇಡಿ. ಅರ್ಧಕ್ಕೆ ನಿಂತರೆ ಹಿಂದೆ ಬರುವುದು ಮುಂದೆ ಹೋಗುವಷ್ಟೇ ಕಷ್ಟ.

ಭಾರದ ಇ-ಬೈಕ್ ಇರುವವರು ಇನ್ನೊಂದು ಸಲ ಯೋಚಿಸಿ. 23 ಕಿಲೋ ಸೈಕಲ್ಲನ್ನು ಕಿರಿದಾದ ಮೆಟ್ಟಿಲಿನಂಥ ಕಲ್ಲುಗಳ ಮೇಲೆ ಹಿಡಿದಿಡುವುದು ತೋಳಿಗೆ ಬಹಳ ಕೆಲಸ.

ಹಂತ 5: ಸುರ್ ಎನ್‌ಗೆ ಇಳಿಯುವುದು

ಕಮರಿ ಮುಗಿದಾಗ ಮನಸ್ಸು ಸಡಿಲವಾಗುತ್ತದೆ. ಬೀಳುವುದು ಆಗಲೇ. ಉಯಿನಾ ದಾದೈಂತ್ ಎಂಬ ತೋಟದ ಮನೆ ಹತ್ತಿರ ಹತ್ತು ನಿಮಿಷ ಕೂರಿ. ಬೇಸಿಗೆಯಲ್ಲಿ ಅಲ್ಲಿ ತಿನ್ನಲು ಕುಡಿಯಲು ಸಿಗುತ್ತದೆ. ಟೈರ್ ಗಾಳಿ, ಚಕ್ರದ ಬೋಲ್ಟ್, ಬ್ರೇಕ್ ನೋಡಿಕೊಂಡು ಹೊರಡಿ.

ಕೆಳಗಿನ ದಾರಿ ಅಗಲವಾಗಿದೆ, ಆದರೆ ತುಂಬಾ ಕಡಿದು. ಸಡಿಲ ಜಲ್ಲಿಯ ಮೇಲೆ ಮುಂದಿನ ಚಕ್ರ ಲಾಕ್ ಆದರೆ ಕ್ಷಣದಲ್ಲಿ ನೆಲ ಕಾಣುತ್ತೀರಿ. ಸೊಂಟ ಹಿಂದಕ್ಕೆ, ಹಿಮ್ಮಡಿ ಕೆಳಕ್ಕೆ, ಮೊಣಕೈ ಬಾಗಿರಲಿ. ನೇರ ಇರುವ ಕಡೆ ಜೋರಾಗಿ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಸಡಿಲಿಸಿ. ಹೀಗೆ ಒತ್ತಿ ಬಿಟ್ಟು ಮಾಡಿದರೆ ಡಿಸ್ಕಿಗೆ ಆರಲು ಸಮಯ ಸಿಗುತ್ತದೆ. ಸುಟ್ಟ ವಾಸನೆ ಬಂದರೆ, ಲಿವರ್ ಮೆತ್ತಗಾದರೆ ನಿಲ್ಲಿಸಿ. ಬಿಸಿ ಡಿಸ್ಕಿಗೆ ನೀರು ಹಾಕಬೇಡಿ, ಸೊಟ್ಟಗಾಗುತ್ತದೆ. ತಾನಾಗಿ ಆರಲಿ. ಹೊಳೆಯ ಮೇಲೆ ಮರದ ಸೇತುವೆಗಳಿವೆ. ಒದ್ದೆಯಾಗಿದ್ದರೆ ಅವುಗಳ ಮೇಲೆ ತಿರುಗಬೇಡಿ, ನೇರವಾಗಿ ದಾಟಿ.

ಸುರ್ ಎನ್‌ನಿಂದ ಶ್ಕುವೋಲ್‌ಗೆ ಇನ್ ನದಿ ಪಕ್ಕ ಏಳೆಂಟು ಕಿ.ಮೀ. ಹೊಳೆಯ ಎದುರು ದಿಕ್ಕಿಗೆ ಹೋಗುವುದರಿಂದ ಅಲ್ಲಲ್ಲಿ ಏರು ಇದೆ. ಇದಕ್ಕೆಂದು ಒಂದು ಬಾರ್ ಅಥವಾ ಬಾಳೆಹಣ್ಣು ಉಳಿಸಿಕೊಳ್ಳಿ.

ಕೈಕೊಟ್ಟರೆ

ಮ್ಯೂಶ್ಟಾಯಿರ್ ಕಣಿವೆಯಲ್ಲಿ ಸಾಕೆನಿಸಿದರೆ ಆಫೆನ್ ಪಾಸ್ ಮೇಲಿನ ಪೋಸ್ಟ್ ಬಸ್ಸಿನಲ್ಲಿ ಝೆರ್ನೆಝ್, ಅಲ್ಲಿಂದ ರೈಲಿನಲ್ಲಿ ಶ್ಕುವೋಲ್. ಬಸ್ಸಿನಲ್ಲಿ ಸೈಕಲ್ ಜಾಗ ಕಡಿಮೆ, ಮೊದಲೇ ವಿಚಾರಿಸಿ. ಲಾಚ್ ಅಥವಾ ಶ್ಲಿನಿಗ್‌ನಿಂದ ಹಿಂದಿರುಗುವವರಿಗೆ ಇನ್ನೊಂದು ದಾರಿ ಇದೆ. ರೆಶನ್ ಪಾಸ್ ಬರೀ 1,500 ಮೀಟರ್ ಎತ್ತರ. ಸೈಕಲ್ ದಾರಿ ಹಿಡಿದು, ಕೆರೆಯ ನೀರಿನಿಂದ ಎದ್ದು ನಿಂತ ಗ್ರೌನ್ ಚರ್ಚಿನ ಗೋಪುರ ನೋಡಿಕೊಂಡು, ನೌಡರ್ಸ್, ಮಾರ್ಟಿನಾ ಮೂಲಕ ಶ್ಕುವೋಲ್ ಸೇರಬಹುದು. ದೂರ ಜಾಸ್ತಿ, ಅಪಾಯ ಬಹಳ ಕಡಿಮೆ. ಮಳೆ ಬರುವ ಸೂಚನೆ ಇದ್ದ ದಿನ ನಾನು ಇದನ್ನೇ ಆರಿಸುತ್ತೇನೆ.

ಪೆಟ್ಟಾದರೆ ಎರಡೂ ದೇಶದಲ್ಲಿ 112ಕ್ಕೆ ಕರೆ ಮಾಡಿ. ಸ್ವಿಸ್ ಕಡೆ ರೇಗಾ ಹೆಲಿಕಾಪ್ಟರ್ ಸೇವೆಯ ನಂಬರ್ 1414. ಸಿಗ್ನಲ್ ಇಲ್ಲದಿದ್ದರೆ ಸೀಟಿ ಅಥವಾ ಟಾರ್ಚ್‌ನಿಂದ ಒಂದು ನಿಮಿಷದಲ್ಲಿ 6 ಸಲ ಸೂಚನೆ ಕೊಡಿ, ಒಂದು ನಿಮಿಷ ಬಿಟ್ಟು ಮತ್ತೆ ಕೊಡಿ. ಉತ್ತರ ನಿಮಿಷಕ್ಕೆ 3 ಸಲ ಬರುತ್ತದೆ. ಹೆಲಿಕಾಪ್ಟರ್ ಬಂದರೆ ಎರಡೂ ಕೈ ಮೇಲೆತ್ತಿ ನಿಂತರೆ ಸಹಾಯ ಬೇಕು ಎಂದರ್ಥ. ಪರ್ವತ ರಕ್ಷಣೆಯ ಖರ್ಚು ದೊಡ್ಡದು. ನಿಮ್ಮ ಪ್ರಯಾಣ ವಿಮೆಯಲ್ಲಿ ಮೌಂಟನ್ ಬೈಕಿಂಗ್ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿವೆಯಾ ಅಂತ ಟಿಕೆಟ್ ಕಾಯ್ದಿರಿಸುವ ಮೊದಲೇ ಓದಿ ನೋಡಿ.